ನನ್ನದಲ್ಲದ ಪ್ರಶ್ನಾವಳಿ

ನನಗೆ ಅನ್ಯಾಯವಾಗಿದೆ. ಹುಟ್ಟಿದ ಹುಕ್ಕೇರಿ, ಕೊಟ್ಟ ಮೂಡಲಗಿ, ನೌಕರಿ ಮಾಡಿದ ಗೋಕಾಕ, ಈ ಮೂರೂ ಊರುಗಳು ಸೇರಿ ಸುಮಾರು ನಲವತ್ತು ವರ್ಷ ನನ್ನನ್ನು ಸೊಕ್ಕಿನವಳೆಂದು ಕರೆದವು. ನಳದ ನೀರಿನ ಸರದಿಯ ವಿಷಯದಲ್ಲಿ ಎರಡು ಮನೆಗಳಿಗೆ ಒಮ್ಮತವಾಗದ ಸೀಮೆಯಿದು. ನನ್ನ ವಿಷಯದಲ್ಲಿ ಮಾತ್ರ ಎಲ್ಲರೂ ಒಂದಾದರು. ಯಾರೂ ವಿಚಾರಣೆ ನಡೆಸಲಿಲ್ಲ, ನನ್ನ ಹೇಳಿಕೆ ಪಡೆಯಲಿಲ್ಲ. ವಯಸ್ಸಾಯಿತು, ಇನ್ನಾದರೂ ಮರೆತುಬಿಡಿ ಎಂದು ಈಗ ಹೇಳುವವರಿದ್ದಾರೆ. ಹಾಗೆ ಹೇಳುವವರಲ್ಲಿ ಮುಕ್ಕಾಲು ಪಾಲು ಸೊಕ್ಕೆಂದು ಅಂದವರೇ ಆಗಿರುತ್ತಾರೆಂಬುದನ್ನು ಗಮನಿಸಿದ್ದೇನೆ. ನಾನು ಮರೆಯುವವಳಲ್ಲ. ಬೆಲ್ಲದ ಬಾಗೇವಾಡಿಯ ಒಂದು ಮದುವೆಯಲ್ಲಿ, ದೂರದ ಸಂಬಂಧದ ಒಬ್ಬ ಅತ್ತೆ, ಪತ್ರಾವಳಿಯ ರಾಶಿಯ ಹಿಂದೆ ನಿಂತು, “ಹುಡುಗಿ ಚಲೋ ಐತಿ, ಆದ್ರ ಮಾರಿ ನೋಡಿ ಮಾತಾಡೂದಿಲ್ಲ ನೋಡವಾ, ಏನ್ ಸೊಕ್ಕ!” ಎಂದದ್ದು ನನಗೆ ಇಂದಿಗೂ ನೆನಪಿದೆ. ಆಕೆಯ ಸೀರೆ ಹಸಿರು; ಎಡಗೈಯಲ್ಲಿ ಒಂದು ಬಳೆ ಕಡಿಮೆಯಿತ್ತು. ಮದುವೆ ಯಾರದ್ದೆಂಬುದು ಮಾತ್ರ ಮರೆತಿದೆ.

ತೊಂಬತ್ತರ ದಶಕದ ಆರಂಭದಲ್ಲಿ ನಾನು ಸೊಸೆಯಾಗಿ ಮೂಡಲಗಿಗೆ ಬಂದೆ. ನಮ್ಮದು ಜೈನರ ಓಣಿ. ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟುವಂತಿಲ್ಲವಾದ್ದರಿಂದ ಸಂಜೆ ಐದೂವರೆಯ ಸುಮಾರಿಗೆ ಇಡೀ ಓಣಿ ಏಕಕಾಲಕ್ಕೆ ಉಣ್ಣಲು ಕೂತಿರುತ್ತದೆ, ಬಾಗಿಲುಗಳೆಲ್ಲ ತೆರೆದಿರುತ್ತವೆ. ಆ ಹೊತ್ತಿನಲ್ಲಿ ಹಾದುಹೋಗುವವರನ್ನು “ಬರ್ರಿ, ಊಟಾ ಮಾಡ್ರಿ” ಎಂದು ಕರೆಯುವುದು ಮರ್ಯಾದೆ. ಹಸಿವಿನಿಂದ ಹೊಟ್ಟೆ ಚುರುಗುಟ್ಟುತ್ತಿದ್ದರೂ “ಈಗ ಆತ್ರಿ, ನೀವು ಮಾಡ್ರಿ” ಎಂದು ಸುಳ್ಳು ಹೇಳಿ ಮುಂದೆ ಸಾಗುವುದು ಅದಕ್ಕೆ ತಕ್ಕ ಮರುಮರ್ಯಾದೆ. ಈ ಎರಡನೆಯ ಭಾಗ ನನಗೆ ಗೊತ್ತಿರಲಿಲ್ಲ. ಹುಕ್ಕೇರಿಯಲ್ಲಿ ನಮ್ಮದು ಹೊಲದ ನಡುವಿನ ಮನೆ. ಊಟದ ಹೊತ್ತಿಗೆ ಎಮ್ಮೆಗಳನ್ನು ಬಿಟ್ಟರೆ ಹಾದುಹೋಗುವವರು ಯಾರೂ ಇರುತ್ತಿರಲಿಲ್ಲ. ಆದರೆ ನನ್ನ ತಂಗಿಯೂ ಅದೇ ಮನೆಯಲ್ಲಿ ಬೆಳೆದವಳು. ಅವಳಿಗೆ ಇದು ಕಲಿಸದೆಯೇ ಬರುತ್ತಿತ್ತು. ಆಗ ಆ ಸಂಗತಿಯ ಬಗ್ಗೆ ನಾನು ಯೋಚಿಸಲಿಲ್ಲ.

ಮದುವೆಯಾಗಿ ಐದನೆಯ ದಿನ ಅತ್ತೆಯವರು ಒಂದು ಪಾತೇಲಿಯನ್ನು ಹಿಂದಿರುಗಿಸಿ ಬರಲು ನನ್ನನ್ನು ನಾಲ್ಕು ಮನೆಯಾಚೆಯ ಚಂಪವ್ವನ ಮನೆಗೆ ಕಳುಹಿಸಿದರು. “ಬಾರವ್ವಾ ಹೊಸಾ ಸೊಸಿ, ಕುಂಡರ ಬಾ, ಊಟಾ ಮಾಡ” ಎಂದಳು ಚಂಪವ್ವ. ನಾನು ಕೈಕಾಲು ತೊಳೆದು ಬಂದು ಕೂತೆ. ಆಕೆಯ ಕೈ ರೊಟ್ಟಿಯ ಬುಟ್ಟಿಯ ಮೇಲೆ ಒಂದು ಗಳಿಗೆ ನಿಂತಿತೆಂದು ಆಮೇಲೆ ಓಣಿಯೆಲ್ಲ ಹೇಳಿತು, ನಾನು ಕಾಣಲಿಲ್ಲ. ಎರಡೂವರೆ ರೊಟ್ಟಿ, ಮಡಕಿಕಾಳಿನ ಪಲ್ಯ ಉಂಡೆ. ಕೊನೆಗೆ ಮೊಸರು ಕೇಳಿದೆ. ಮೊಸರಿಲ್ಲದೆ ನನ್ನ ಊಟ ಮುಗಿಯುವುದಿಲ್ಲ. ಇತ್ತ ಹೊಸ ಸೊಸೆಯನ್ನು ಬಿಟ್ಟು ಉಣ್ಣಬಾರದೆಂದು ಅತ್ತೆಯವರು ತಟ್ಟೆ ಹಾಕಿಕೊಂಡು ಕಾದರು. ನಾನು ಮನೆ ಸೇರುವಷ್ಟರಲ್ಲಿ ಸೂರ್ಯ ಮುಳುಗಿದ್ದ. ಅವರು ತಟ್ಟೆ ಎತ್ತಿಟ್ಟು ಹಸಿದೇ ಮಲಗಿದರು.

ಮರುದಿನ ಬೆಳಿಗ್ಗೆ ಕೇಳಿದರು: “ಕರದ್ರ ಕುಂತ ಬಿಡೂದನ? ಅಷ್ಟ ತಿಳಿಬಾರದ?”

“ಅವರು ಊಟಾ ಮಾಡ ಅಂದ್ರಲ್ಲರಿ, ಅತ್ತಿಯವರ.”

“ಅನ್ನಾಕೇನವಾ, ಎಲ್ಲಾರೂ ಅಂತಾರ! ನಮ್ಮ ಮನ್ಯಾಗ ಕೂಳ ಹಾಕೂದಿಲ್ಲಂತ ಓಣಿಗಿ ಸಾರಿ ಬಂದಂಗಾತ. ಅತ್ತಿ ಉಪಾಸ ಬಿದ್ದರೂ ಮಾರ್ಯಾಗ ಒಂದ ಪಶ್ಚಾತ್ತಾಪ ಇಲ್ಲ. ಏನ್ ಸೊಕ್ಕ!”

ನಿಜವಾಗಿ ನನಗೆ ಅಂದು ಪಶ್ಚಾತ್ತಾಪವಾಗಿತ್ತು. ಆದರೆ ಅದು ಮುಖದ ಮೇಲೆ ಬರಬೇಕಾದ ದಾರಿ ನನಗೆ ಗೊತ್ತಿರಲಿಲ್ಲ. ಅಂದಿನಿಂದ ಸಂಜೆ ಐದರಿಂದ ಆರೂವರೆಯವರೆಗೆ ನಾನು ಹೊಸ್ತಿಲು ದಾಟುವುದನ್ನೇ ಬಿಟ್ಟೆ. ಅದಕ್ಕೂ ಸೊಕ್ಕೆಂದರು.

ಗೋಕಾಕದ ಒಂದು ಸರಕಾರಿ ಕಚೇರಿಯಲ್ಲಿ ನಾನು ಬೆರಳಚ್ಚುಗಾರ್ತಿ. ಬೆಳಗಿನ ಬಸ್ಸಿನಲ್ಲಿ ಎಡಗಡೆ ನಾಲ್ಕನೆಯ ಸಾಲಿನ ಕಿಟಕಿ ನನ್ನದು. ಅಲ್ಲಿ ಬೇರೆ ಯಾರಾದರೂ ಕೂತಿದ್ದರೆ ಇಳಿದು ಮುಂದಿನ ಬಸ್ಸಿಗೆ ಕಾಯುತ್ತಿದ್ದೆ. ಕಂಡಕ್ಟರ್ ಕೊನೆಗೆ, “ಏಳ್ರಿ ಕಾಕಾ, ಅಲ್ಲಿ ಬಾಯಾರ ಕುಂಡ್ರತಾರ, ಇಲ್ಲಂದ್ರ ಇಡೀ ದಿನಾ ನಿಲ್ಲತಾರ” ಎಂದು ತಾನೇ ಜಾಗ ಬಿಡಿಸುತ್ತಿದ್ದ. ಕಚೇರಿಯಲ್ಲಿ ಸಾಹೇಬರ ಕರಡಿನ ತಪ್ಪುಗಳನ್ನು ನಾನು ಅವರ ಎದುರಿಗೇ, ಹತ್ತು ಜನರ ಮುಂದೆ ತೋರಿಸುತ್ತಿದ್ದೆ. ಹಿಂದಿನಿಂದ ಹೇಳುವುದು ಚಾಡಿಯಾಗುತ್ತದೆ ಎಂಬುದು ನನ್ನ ಲೆಕ್ಕ. ಮಧ್ಯಾಹ್ನದ ಬುತ್ತಿಯ ಹೊತ್ತಿಗೆ ಏಳು ಹೆಂಗಸರು ಒಟ್ಟಿಗೆ ಮಾತಾಡತೊಡಗಿದರೆ ನನ್ನ ಕಿವಿಯಲ್ಲಿ ಯಾರೋ ತಗಡು ಎಳೆದಂತಾಗುತ್ತಿತ್ತು. ಬುತ್ತಿ ಹಿಡಿದು ಒಬ್ಬಳೇ ಟೈಪ್‌ರೈಟರಿನ ಮುಂದೆ ಕೂರುತ್ತಿದ್ದೆ. “ನಮ್ಮ ಜೋಡಿ ಕುಂತ್ರ ಆಕಿ ತೂಕ ಕಡಿಮಿ ಆಗತೈತಿ” ಎಂದವಳ ಹೆಸರು ಗೊತ್ತಿದೆ, ಬರೆಯುವುದಿಲ್ಲ. ಆಕೆಯ ಮೊಮ್ಮಕ್ಕಳು ಓದುತ್ತಾರೆ.

ಇಷ್ಟು ದುಃಖವನ್ನು ನಾನೊಬ್ಬಳೇ ಹೊತ್ತುಕೊಂಡು ಹೋಗಿಬಿಡುತ್ತಿದ್ದೆನೇನೋ. ಆದರೆ ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾದ ಮೇಲೆ, ನನ್ನ ಮಗಳು ಅಕ್ಷತಾ ಎರಡನೆಯ ಇಯತ್ತೆಯಲ್ಲಿದ್ದಾಗ, ಮೂಡಲಗಿಯ ಅವಳ ಸಾಲೆಯಿಂದ ಕರೆ ಬಂತು. ಗಂಟೆ ಬಾರಿಸಿದರೆ ಹುಡುಗಿ ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ಸೇರುತ್ತಾಳೆ. ಹಾಜರಿ ಕೂಗಿದರೆ ಉತ್ತರ ಕೊಡುವುದಿಲ್ಲ. “ಎಲ್ಲಾರೂ ಬಾಯಿ ಮುಚ್ಚರಿ” ಎಂದು ಅಕ್ಕೋರು ಬೈದ ದಿನ ಸಂಜೆಯವರೆಗೂ ಬಾಯಿಗೆ ಕೈ ಅಡ್ಡ ಹಿಡಿದು ಕೂತಿದ್ದಳು, ಬುತ್ತಿಯನ್ನೂ ಉಣ್ಣಲಿಲ್ಲ. ಹೆಡ್ ಮಾಸ್ತರರು ಕನ್ನಡಕ ತೆಗೆದಿಟ್ಟು ಹೇಳಿದರು: “ಬಾಯಾರ, ಹದಿನೈದ ದಿನದಾಗ ಡಾಕ್ಟರ್ ಕಡಿಂದ ಏನಾರ ಬರಿಸ್ಕೊಂಡ ಬರ್ರಿ. ಇಲ್ಲಂದ್ರ ಹುಡಿಗಿ ಹೆಸರ ಕಮ್ಮಿ ಮಾಡಬೇಕಾಗತೈತಿ.”

ಆ ಹದಿನೈದು ದಿನ ನಾನು ಬದುಕಿದ್ದು ಎಣಿಸುತ್ತ. ಹದಿನಾಲ್ಕು, ಹದಿಮೂರು, ಹನ್ನೆರಡು. ಬೆಳಗಾವಿಯ ಮಕ್ಕಳ ಡಾಕ್ಟರ ಹತ್ತಿರ ಸರದಿ ಸಿಕ್ಕಿದ್ದು ಉಳಿದ ದಿನ ನಾಲ್ಕಾದಾಗ. ಡಾಕ್ಟರು ನನಗಿಂತ ಕಿರಿಯ ಹೆಣ್ಣುಮಗಳು. ಅಕ್ಷತಾಳೊಂದಿಗೆ ಒಂದು ತಾಸು ನೆಲದ ಮೇಲೆ ಕೂತು ಆಡಿದರು. ಆಮೇಲೆ ನನ್ನನ್ನೂ ಯಜಮಾನರನ್ನೂ ಕೂರಿಸಿ ಉದ್ದನೆಯ ಪ್ರಶ್ನಾವಳಿ ತೆಗೆದರು. ನನ್ನ ಯಜಮಾನರು ಗೊಬ್ಬರದ ಅಂಗಡಿಯವರು. ಪ್ರಶ್ನೆ ಕೇಳಿದರೆ ಮೊದಲು ನನ್ನ ಕಡೆ ನೋಡುವ ಸ್ವಭಾವದವರು. ಆದ್ದರಿಂದ ಉತ್ತರ ನನ್ನದೇ.

“ಕುಂಡರು ಜಾಗಾ, ಉಣ್ಣು ತಾಟ, ಹಿಂಗ ದಿನಾ ಅದ ಬೇಕಂತ ಹಟಾ ಮಾಡ್ತಾಳನ್ರಿ?”

“ಅದರಾಗ ಹಟಾ ಏನ ಬಂತ್ರಿ? ಆಕಿ ಜಾಗಾ ಆಕಿದು.”

ಯಜಮಾನರು ಕೆಮ್ಮಿದರು.

“ಆಡಿದ ಮಾತು ಇದ್ದದ್ದ ಇದ್ದಂಗ ತಿಳ್ಕೊತಾಳನು? ಅಂದ್ರ, ಚ್ಯಾಷ್ಟಿಗಿ ಅಂದದ್ದು, ಮರ್ಯಾದಿಗಿ ಅಂದದ್ದು ಗೊತ್ತಾಗೂದಿಲ್ಲನು?”

“ಅಂದದ್ದ ಬಿಟ್ಟ ಅನ್ನಲಾರದ್ದ ಹೆಂಗ ತಿಳ್ಕೊಬೇಕ್ರಿ?”

ಯಜಮಾನರು ಎರಡನೆಯ ಸಲ ಕೆಮ್ಮಿದರು. ಡಾಕ್ಟರು ನೀರು ಕೊಟ್ಟರು.

“ಮಾತಾಡೂ ಮುಂದ ಕಣ್ಣಾಗ ಕಣ್ಣಿಟ್ಟ ನೋಡತಾಳನು?”

“ಇಲ್ಲರಿ. ಎಷ್ಟ ಹೇಳಿದರೂ ಇಲ್ಲ. ಹೇಳಿ ಹೇಳಿ ನನಗ ಸಾಕಾಗೇತಿ” ಎಂದೆ, ಅವರ ಮೇಜಿನ ಮೇಲಿನ ಗಾಜಿನ ಗುಂಡನ್ನು ನೋಡುತ್ತ. ಅದರೊಳಗೆ ಒಂದು ನೀಲಿ ಹೂವಿತ್ತು, ಏಳು ಎಸಳು. ಒಂದರ ತುದಿ ಮುರಿದಿತ್ತು. ಆಗ ಡಾಕ್ಟರು ಮೆಲ್ಲಗೆ ಕೇಳಿದರು: “ಬಾಯಾರ, ನೀವು ಬಂದಾಗಿಂದ ಒಮ್ಮಿನೂ ನನ್ನ ಮಾರಿ ನೋಡಿಲ್ಲಲ್ರಿ?”

ಯಜಮಾನರು ಈ ಸಲ ಕೆಮ್ಮಲಿಲ್ಲ. “ಡಾಕ್ಟರ, ತಪ್ಪ ತಿಳೀಬ್ಯಾಡ್ರಿ. ಇಷ್ಟೊತ್ತನಕ ನೀವು ಕೇಳಿದ್ದು ಮಗಳ ಬಗ್ಗೆನೋ, ಇಕಿ ಬಗ್ಗೆನೋ? ನನಗಂತೂ ಒಂದೊಂದ ಪ್ರಶ್ನಿಗೂ ಇಕಿನ ಕಾಣಾಕತ್ತಾಳ.”

ಡಾಕ್ಟರು ನಕ್ಕರು, ಆದರೆ ಚೇಷ್ಟೆಯ ನಗುವಲ್ಲ. ಅಷ್ಟು ನನಗೂ ತಿಳಿಯಿತು. ಮಗಳಿಗಿರುವುದಕ್ಕೆ ಆಟಿಸಂ ಅನ್ನುತ್ತಾರೆ, ಅದು ರೋಗವಲ್ಲ, ಹುಟ್ಟಿನಿಂದಲೇ ಮಿದುಳು ನಡೆಯುವ ರೀತಿಯೇ ಬೇರೆ ಎಂದರು. ಒಂದೇ ಮನೆತನದಲ್ಲಿ ಇಬ್ಬರು ಮೂವರಿಗೆ ಇರಬಹುದು ಎಂದರು. “ನಿಮ್ಮದು ನಾ ಬರದ ಕೊಡಾಕ ಬರೂದಿಲ್ಲರಿ, ನಾ ಮಕ್ಕಳ ಡಾಕ್ಟರ್. ಆದ್ರ ನಿಮಗ ನೀವ ಗೊತ್ತಾದ್ರ ಮಗಳಿಗಿ ಚಲೋ ಆಗತೈತಿ.” ಹೀಗಾಗಿ ನನ್ನ ಬಳಿ ನನ್ನ ಹೆಸರಿನ ಯಾವ ಪ್ರಮಾಣಪತ್ರವೂ ಇಲ್ಲ. ಆ ಪ್ರಶ್ನಾವಳಿಯಲ್ಲಿ ನನಗೆ ಹೊಂದದ ಪ್ರಶ್ನೆ ಒಂದೇ ಒಂದಿತ್ತು. ಅದು ಹಾಲಿನ ಹಲ್ಲಿನ ಬಗ್ಗೆ.

ಬೆಳಗಾವಿಯಿಂದ ಹಿಂದಿರುಗುವಾಗ ಅಂಕಲಗಿ ಬರುವವರೆಗೆ ಡಾಕ್ಟರು ಬರೆದುಕೊಟ್ಟ, ಚೀಲದಲ್ಲಿನ ಕಾಗದವನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಸಮಾಧಾನವಾಗಬೇಕಿತ್ತು. ಸೊಕ್ಕಲ್ಲ, ಬೇರೆ ರೀತಿ! ಇಷ್ಟು ವರ್ಷಗಳ ಆರೋಪದಿಂದ ಖುಲಾಸೆ! ಆದರೆ ಸಮಾಧಾನವಾಗಲಿಲ್ಲ. ನನಗಾದರೆ ಸೊಕ್ಕಿನವಳೆಂಬ ಹೆಸರಾದರೂ ಇತ್ತು. ಸೊಕ್ಕಿನವರನ್ನು ಯಾರೂ ಸಾಲೆಯಿಂದ ಹೊರಗೆ ಹಾಕುವುದಿಲ್ಲ. ಈ ಕಾಗದ ನನ್ನ ಮಗಳನ್ನು ಉಳಿಸುತ್ತದೆಯೋ, ಅಳಿಸುತ್ತದೆಯೋ?

ಮನೆಯಲ್ಲಿ ಅತ್ತೆಯವರು ಕಾಗದವನ್ನು ದೂರದಿಂದಲೇ ನೋಡಿದರು. “ಹೆಣ್ಣ ಹುಡಿಗಿ. ಹಿಂಗ ಬರದದ್ದ ಸಾಲ್ಯಾಗ ಕೊಟ್ರ ನಾಳಿ ಯಾರ ಮನಿಯವರು ಕೇಳ್ತಾರ? ಕಪಾಟನ್ಯಾಗ ಇಟ್ಟ ಬಿಡ.”

“ಕಾಗದ ಕೊಡಲಿಲ್ಲಂದ್ರ ಹೆಸರ ತಗೀತಾರ್ರಿ.”

“ಕೊಟ್ಟರೂ ತಗದ್ರ?”

ಅತ್ತೆಯವರ ಮಾತಿನಲ್ಲಿ ತಪ್ಪು ಸಿಗದೆ ಹೋದದ್ದು ಅದೇ ಮೊದಲು.

ಹದಿನೈದನೆಯ ದಿನ ಸಾಲೆಗೆ ಹೋದೆ. ಲಕೋಟೆ ಮುಂದಿಟ್ಟೆ. ಹೆಡ್ ಮಾಸ್ತರರು ಎರಡು ಸಲ ಓದಿದರು. “ಇಂಥಾ ಮಕ್ಕಳಿಗಿ ಬ್ಯಾರೆ ಸಾಲಿ ಇರತಾವ್ರಿ, ದೊಡ್ಡ ಊರಾಗ.” ನನ್ನ ಕಿವಿಯಲ್ಲಿ ತಗಡು ಎಳೆದಂತಾಗತೊಡಗಿತು. ಬೇಡಿಕೊಳ್ಳಬೇಕೆಂದು ದಾರಿಯುದ್ದಕ್ಕೂ ಪಾಠ ಮಾಡಿಕೊಂಡು ಬಂದಿದ್ದ ಮಾತುಗಳೆಲ್ಲ ಹಾರಿಹೋದವು. ಬಾಯಿಗೆ ಬಂದದ್ದು ಬೇರೆ.

“ಆ ಕಾಗದದಾಗ ಬರದದ್ದೆಲ್ಲಾ ನನಗೂ ಐತ್ರಿ, ಸರ್. ನಾ ಹುಕ್ಕೇರಿ ಸಾಲ್ಯಾಗ ಎಲ್ಲಾರ ಜೋಡಿನ ಓದೇನಿ. ಬೆರಳಚ್ಚಿನ್ಯಾಗ ಜಿಲ್ಲಾಕ್ಕ ಮೊದಲ ಬಂದೇನಿ. ಹನ್ನೆರಡ ವರ್ಷ ಆತ, ನೌಕರಿ ಮಾಡಾಕತ್ತೇನಿ. ಹೊರಗ ನೀವು ಹಚ್ಚಿದ ನೋಟೀಸಿನ್ಯಾಗ ಮೂರ ತಪ್ಪ ಅದಾವ. ಒಂದೂ ಮಗಳು ಮಾಡಿದ್ದಲ್ಲ.”

ಮಗಳ ಸಾಲೆಯನ್ನು ನಾನೇ ಕೈಯಾರೆ ಮುಗಿಸಿದೆನೆಂದುಕೊಂಡೆ. ಅವರು ಎದ್ದು ಹೊರಗೆ ಹೋದರು. ನೋಟೀಸಿನ ಮುಂದೆ ಬಹಳ ಹೊತ್ತು ನಿಂತರು. ಒಳಗೆ ಬಂದು, “ನಾಕ ಅದಾವ್ರಿ” ಎಂದರು. ಆಮೇಲೆ, “ಗಂಟಿಯಿಂದ ದೂರ, ಕಡೀ ಖೋಲಿ ಕಿಡಕಿ ಬಾಜೂ ಕುಂಡ್ರಸೂಣು. ಪರೀಕ್ಷಾತನಕ ನೋಡೂಣು. ಮುಂದಿಂದ ಮುಂದ” ಎಂದರು. ಅದು ವರವೂ ಅಲ್ಲ, ಶಾಪವೂ ಅಲ್ಲ; ಐದು ತಿಂಗಳ ಗಡುವು. ನಾನು ಮತ್ತೆ ಎಣಿಸತೊಡಗಿದೆ.

ಈ ಬರಹವನ್ನು ಮೂರೂ ಊರುಗಳಿಗೆ ಒಂದು ಪ್ರಶ್ನೆ ಕೇಳಿ ಮುಗಿಸಬೇಕೆಂಬುದು ನನ್ನ ಬಹುದಿನದ ಸಂಕಲ್ಪ. ಪ್ರಶ್ನೆಯನ್ನು ವರ್ಷಗಟ್ಟಲೆ ಮಸೆದಿಟ್ಟಿದ್ದೇನೆ: ಒಬ್ಬ ಹೆಣ್ಣುಮಗಳನ್ನು ಸೊಕ್ಕಿನವಳೆನ್ನುವ ಮೊದಲು, ನಿನಗೇನು ತ್ರಾಸವೆಂದು ಒಮ್ಮೆ ಕೇಳಲು ನಿಮ್ಮಲ್ಲಿ ಒಬ್ಬರಿಗೂ ಬಾಯಿರಲಿಲ್ಲವೇ? ಕೇಳಿಯೂಬಿಡುತ್ತಿದ್ದೆ, ಸಾಲೆಗೆ ಹೋಗಿ ಬಂದ ವಾರದ ರವಿವಾರ ಮಗಳ ತಲೆ ಬಾಚಲು ಕೂರದಿದ್ದರೆ. ಬಾಚಣಿಗೆ ತಾಗಿದರೆ ಅವಳು ಕಿರುಚುತ್ತಾಳೆ. ಅಂದು ನಾನು ಬೆರಳಿನಿಂದಲೇ ಸಿಕ್ಕು ಬಿಡಿಸುತ್ತ, ನನಗೂ ಚಿಕ್ಕಂದಿನಲ್ಲಿ ಬಾಚಣಿಗೆ ಎಂದರೆ ತಲೆಯಲ್ಲಿ ಕೆಂಡ ಎಳೆದಂತೆ ಆಗುತ್ತಿತ್ತೆಂದೂ, ಯಾರೂ ನಂಬುತ್ತಿರಲಿಲ್ಲವೆಂದೂ, ನಾವಿಬ್ಬರೂ ಒಂದೇ ರೀತಿಯವರೆಂದೂ ಹೇಳಿದೆ. ಎರಡೂ ಜಡೆ ಮುಗಿದ ಮೇಲೆ ಅವಳು, ಗೋಡೆಯನ್ನು ನೋಡುತ್ತ, ಸಿಟ್ಟಿಲ್ಲದೆ, ಹಾಜರಿ ಓದಿದ ಹಾಗೆ ಹೇಳಿದಳು:

“ಬಾಚಣಿಗಿಲೆ ಮೂರ ಸಲ ಹೊಡದಿ. ಯುಗಾದಿಗಿ ಒಮ್ಮಿ. ಸಾಲಿ ಚಾಲೂ ಆದ ದಿನ ಒಮ್ಮಿ. ಕಾಕೂನ ಮನಿಗಿ ಹೋಗೂ ಮುಂದ ಒಮ್ಮಿ. ನಿನಗೂ ನೋಯ್ತಿತ್ತಂದ್ರ ನಿನಗ ಗೊತ್ತಿತ್ತಲ್ಲ. ಮತ್ತ ಯಾಕ ಹೊಡದಿ, ಅವ್ವಾ?”