ಕರಿಬೇವಿಗೆ ಬಾಣಂತನ ತಂದಿಟ್ಟ ಹಿಮಕ್ಕೊಂದು ಅರ್ಜಿ

ಲಾಸ್ ಗ್ಯಾಟೋಸ್ ಹಿಂದಿನ ಗುಡ್ಡದ ಮೇಲಿನಿಂದ,
ಫೆಬ್ರವರಿಯ ಕೊನೆಯ ವಾರ

ಮಾನ್ಯ ಹಿಮರಾಯರೇ,

ಆಕಾಶದಲ್ಲಿ ತಾವು ಸಪರಿವಾರ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನೆಲದ ಮೇಲೆ ನಾವು ಹೇಗಿದ್ದೇವೆಂದು ತಿಳಿಸಲೆಂದೇ ಈ ಪತ್ರ. ನನ್ನ ಹೆಸರು ಶಿವರಾಮು, ಮಂಡ್ಯದ ಕಡೆಯವನು, ಹೊಟ್ಟೆಪಾಡಿಗೆ ಸಾಫ್ಟ್‌ವೇರು, ಮನಸ್ಸಿನ ಸಮಾಧಾನಕ್ಕೆ ಹಿತ್ತಲು. ಕಳೆದ ವಾರ ತಾವು ಬೆಳಗಾಗುವುದರೊಳಗೆ ಯಾರನ್ನೂ ಕೇಳದೆ ಬಂದು ಮಲಗಿಬಿಟ್ಟದ್ದು ಆ ಹಿತ್ತಲಿನಲ್ಲೇ.

ತಮ್ಮ ದರ್ಶನ ಬೇಕಾದವರು ಕಾರಿನ ಚಕ್ರಕ್ಕೆ ಸರಪಳಿ ಕಟ್ಟಿಕೊಂಡು, ನಾಲ್ಕೈದು ಗಂಟೆ ಫ್ರೀವೇ ಮೇಲೆ ತೆವಳಿ, ದೂರದ ಬೆಟ್ಟಗಳಿಗೆ ಹೋಗಿ ಜಾರಿ ಬಿದ್ದು ಕಾಲು ಉಳುಕಿಸಿಕೊಂಡು ಬರುವುದು ಇಲ್ಲಿನ ಸಂಪ್ರದಾಯ. ಅಂಥ ತಾವು ಭಕ್ತರ ಮನೆಬಾಗಿಲಿಗೇ ಬಂದ ಔದಾರ್ಯವನ್ನು ಎಷ್ಟು ಹೊಗಳಿದರೂ ಸಾಲದು. ನನ್ನ ಮೆಂತ್ಯದ ಮಡಿಯ ಮೇಲೆ ಇಡ್ಲಿ ಹಿಟ್ಟು ಉಕ್ಕಿ ಹರಿದ ಹಾಗೆ ಹರಡಿಕೊಂಡಿರಿ, ಅವರೆ ಚಪ್ಪರವನ್ನು ಒಂದೇ ಏಟಿಗೆ ಮಲಗಿಸಿ ಮುಂದಿನ ಕೊಯ್ಲಿನ ಚಿಂತೆಯನ್ನೇ ಇಲ್ಲವಾಗಿಸಿದಿರಿ, ತುಳಸಿಗೆ ಬಿಳಿ ಟೋಪಿ ತೊಡಿಸಿದಿರಿ, ನೀರಿನ ಪೈಪನ್ನು ಎಲ್ಲಿ ಬಚ್ಚಿಟ್ಟಿರೋ ತಾವು ಕರಗುವ ತನಕ ಸಿಗಲಿಲ್ಲ. ಸನ್ನಿವೇಲ್‌ನಿಂದಲೂ ಯೂನಿಯನ್ ಸಿಟಿಯಿಂದಲೂ ಗೆಳೆಯರು ಮಕ್ಕಳನ್ನು ಕಟ್ಟಿಕೊಂಡು ಬಂದು, ನನ್ನ ಬದನೆ ಗಿಡಗಳ ಸಮಾಧಿಯ ಮೇಲೆ ನಿಂತು ಫೋಟೋ ತೆಗೆಸಿಕೊಂಡು, ‘ಎಂಥಾ ಲಕ್ಕಿ ಮಾರಾಯ ನೀನು’ ಎಂದು ಬೆನ್ನು ತಟ್ಟಿ ಹೋದರು. ಇಷ್ಟನ್ನೂ ನಗುನಗುತ್ತಾ ಸಹಿಸಿದೆ.

ಆದರೆ ಮಾನ್ಯರೇ, ಕರಿಬೇವಿನ ತಂಟೆಗೆ ತಾವು ಹೋಗಬಾರದಿತ್ತು.

ಆ ಮರದ ಮಹಿಮೆ ತಮಗೆ ಗೊತ್ತಿರಲಿಕ್ಕಿಲ್ಲ. ಗೋಡೆಯ ಬಿಸಿಲಿಗೆ ಒರಗಿಸಿ ನಾನು ಬೆಳೆಸಿದ ಮರ, ನನ್ನ ಮಗಳು ನಿಸರ್ಗಾಳಿಗಿಂತ ವಯಸ್ಸಿನಲ್ಲಿ ದೊಡ್ಡದು, ಮಾತು ಕೇಳುವುದರಲ್ಲಂತೂ ಬಹಳ ದೊಡ್ಡದು. ಈ ಸಲ ಅದು ಇನ್ನೊಂದು ಕೆಲಸವನ್ನೂ ವಹಿಸಿಕೊಂಡಿತ್ತು. ದೀಪಾವಳಿ ಮುಗಿಸಿಕೊಂಡು ಬಂದ ನಮ್ಮವ್ವ ಲಿಂಗಮ್ಮನ ಜೊತೆ ಇಡೀ ಕ್ಯಾಲಿಫೋರ್ನಿಯಾದಲ್ಲಿ ಬಿಡುವಾಗಿ ಮಾತಿಗೆ ಸಿಗುತ್ತಿದ್ದದ್ದು ಅದೊಂದೇ. ಬೀದಿಯಲ್ಲಿ ಜನರಿಲ್ಲ, ಮಗ ಸೊಸೆಗೆ ಮೀಟಿಂಗು, ಮೊಮ್ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಊರಿನಲ್ಲಿ ಅಣ್ಣನ ತುಂಬಿದ ಮನೆ, ಜಗಲಿ ತುಂಬ ಹರಟೆ. ಮೇ ತನಕ ಇರಬೇಕಾದ ಅವ್ವ ಸಂಕ್ರಾಂತಿಯ ಹೊತ್ತಿಗೇ ಸಾಕಾಗಿ, ಇದೇ ಭಾನುವಾರಕ್ಕೆ ಟಿಕೆಟ್ ಬದಲಾಯಿಸಿಕೊಂಡು ಸೂಟ್‌ಕೇಸಿಗೆ ಹಗ್ಗ ಬಿಗಿದಿದ್ದಳು. ಅವಳು ಹೋಗುವುದು ನನಗೆ ಸುತರಾಂ ಇಷ್ಟವಿರಲಿಲ್ಲ. ಇರು ಎನ್ನಲು ಒಂದು ಕಾರಣ ಹುಡುಕುತ್ತಿದ್ದೆ, ಸಿಕ್ಕಿರಲಿಲ್ಲ.

ಅಷ್ಟರಲ್ಲಿ ತಾವು ಬಂದಿರಿ. ತಾವು ಕರಗಿದ ಮಾರನೆಯ ದಿನ ಕರಿಬೇವಿನ ಎಲೆಗಳೆಲ್ಲ ಕಪ್ಪಾಗಿ, ಮುಟ್ಟಿದರೆ ಉದುರಿ, ಮರ ಬೋಳಾಗಿ ನಿಂತಿತು. ನಾನು ಇಂಟರ್ನೆಟ್ಟಿನಲ್ಲಿ ಪರಿಹಾರ ಹುಡುಕುತ್ತಾ ಕೂತೆ. ಅವ್ವ ಹಿತ್ತಲಿಗೆ ಹೋಗಿ ಕಾಂಡದ ಮೇಲೆ ಕೈಯಿಟ್ಟು, ‘ಉಸ್ರೈತೆ ಕಣ್ಲಾ, ಮೈ ಅಸಿಯಾಗೈತೆ, ಥೇಟು ಬಾಣ್ತಿ ಇದ್ದಂಗೆ’ ಎಂದು ತೀರ್ಪು ಕೊಟ್ಟಳು.

ಅಂದಿನಿಂದ ನಮ್ಮ ಮನೆಯಲ್ಲಿ ನಡೆಯುತ್ತಿರುವುದನ್ನು ತಾವು ಇಳಿದು ಬಂದು ನೋಡಬೇಕು. ಬೇಡ, ಇಳಿಯಬೇಡಿ, ಹೇಳುತ್ತೇನೆ ಕೇಳಿ. ಬಾಣಂತಿಗೆ ತಣ್ಣೀರು ಸೋಕಬಾರದೆಂದು ಹನಿ ನೀರಾವರಿಯ ನಲ್ಲಿಯನ್ನು ಬಂದ್ ಮಾಡಲಾಗಿದೆ. ಬೆಳಿಗ್ಗೆ ಬುಡಕ್ಕೆ ಉಗುರು ಬೆಚ್ಚಗಿನ ನೀರು, ಅದನ್ನೂ ಅವ್ವ ಮೊಣಕೈಯಲ್ಲಿ ಮುಟ್ಟಿ ನೋಡಿಯೇ ಹುಯ್ಯುವುದು. ಗಾಳಿ ಹೊಗದಿರಲೆಂದು ಕಿವಿಗೆ ಹತ್ತಿ ಇಡಬೇಕಾಯಿತು. ಮರದ ಕಿವಿ ಎಲ್ಲಿರುತ್ತದೆಂಬ ಬಗ್ಗೆ ಮನೆಯಲ್ಲಿ ಭಿನ್ನಾಭಿಪ್ರಾಯ ಬಂದು, ಕೊನೆಗೆ ಕೊಂಬೆ ಕವಲೊಡೆಯುವ ಜಾಗವೆಂದು ಬಹುಮತದಿಂದ ತೀರ್ಮಾನವಾಯಿತು. ತಲೆಗೆ ನನ್ನ ಆಫೀಸಿನವರು ಕೊಟ್ಟ ಮಫ್ಲರು, ನಡುವಿಗೆ ಅವ್ವನ ಹಳೇ ಸೀರೆ. ‘ಅಜ್ಜಿ, ಇಟ್ಸ್ ಎ ಪ್ಲಾಂಟ್’ ಎಂದ ನಿಸರ್ಗಾಳನ್ನು ಮೈಲಿಗೆ ಕೈಯಲ್ಲಿ ಬಾಣಂತಿಯನ್ನು ಮುಟ್ಟಬೇಡವೆಂದು ಬೈದು ಕೈ ತೊಳೆಯಲು ಕಳಿಸಲಾಯಿತು. ಹುಡುಗಿ ತೊಳೆದುಕೊಂಡು ಬಂದಳು. ಈಗ ಹತ್ತಿ ಬದಲಾಯಿಸುವ ಕೆಲಸ ಅವಳದೇ, ‘ಅಜ್ಜಿ, ಈ ಕಿವಿ ಒದ್ದೆ ಆಗಿದೆ’ ಎಂದು ಅಚ್ಚ ಕನ್ನಡದಲ್ಲಿ ವರದಿ ಒಪ್ಪಿಸುತ್ತಾಳೆ.

ಮೂರನೆಯ ದಿನ ಅವ್ವ ಸಾಂಬ್ರಾಣಿ ಹಾಕಿದಳು. ಊರಿನ ಅಳತೆಯಲ್ಲಿ ಹಾಕಿದಳು. ಹೊಗೆ ಗುಡ್ಡ ಹತ್ತಿತು, ಪಕ್ಕದ ಮನೆಯ ಹೆಂಗಸು ಗಾಬರಿಯಾಗಿ ಫೋನು ಮಾಡಿದಳು, ಅಗ್ನಿಶಾಮಕ ದಳದ ಕೆಂಪು ವಾಹನ ಬೊಬ್ಬೆ ಹೊಡೆಯುತ್ತಾ ಬಂತು. ಹೆಲ್ಮೆಟ್ಟು ತೊಟ್ಟ ಆಜಾನುಬಾಹುಗಳು ಹಿತ್ತಲಿಗೆ ನುಗ್ಗಿ, ಸೀರೆಯುಟ್ಟು ಮಫ್ಲರು ಸುತ್ತಿಕೊಂಡು ಹೊಗೆಯಲ್ಲಿ ನಿಂತಿದ್ದ ಮರವನ್ನು ಕಂಡು ದಂಗಾದರು. ನನ್ನ ಹೆಂಡತಿ ನವ್ಯಾ, ಅರ್ಧ ಮೀಟಿಂಗಿನಿಂದ ಎದ್ದು ಬಂದವಳು, ಹೆರಿಗೆಯಾದವರ ಆರೈಕೆಯ ನಮ್ಮ ಪದ್ಧತಿಯನ್ನು ಎಷ್ಟು ಚೆನ್ನಾಗಿ ವಿವರಿಸಿದಳೆಂದರೆ ಅವರಲ್ಲೊಬ್ಬ ಹೆಲ್ಮೆಟ್ಟು ತೆಗೆದು, ಮಗು ಗಂಡೋ ಹೆಣ್ಣೋ ಎಂದು ಕೇಳಿದ. ಅವ್ವ ಎಲ್ಲರಿಗೂ ಮೆಣಸಿನ ಸಾರು ಕುಡಿಸಿಯೇ ಕಳಿಸಿದಳು. ಪಕ್ಕದ ಮನೆಯವಳೂ ಒಂದು ಲೋಟ ಕುಡಿದು ಕಣ್ಣೀರಿಟ್ಟಳು, ಖಾರಕ್ಕೆ. ಮರುದಿನ ತನ್ನ ಒಣಗಿದ ಗುಲಾಬಿಯನ್ನು ಕುಂಡಸಮೇತ ಹೊತ್ತು ತಂದು ಅವ್ವನಿಗೆ ತೋರಿಸಿದಳು. ಒಬ್ಬರ ಭಾಷೆ ಒಬ್ಬರಿಗೆ ಬಾರದೆ ಇಬ್ಬರೂ ಮಧ್ಯಾಹ್ನವಿಡೀ ಮಾತಾಡಿದರು.

ಈ ಎಲ್ಲ ಕಷ್ಟನಷ್ಟಗಳನ್ನು ಪರಿಗಣಿಸಿ ತಾವು ದಯವಿಟ್ಟು ಬಿದ್ದು ಕರಗಿದ ಹಿಮವನ್ನೆಲ್ಲ ಒಂದು ಚಮಚವೂ ಬಿಡದಂತೆ ಹಿಂದಕ್ಕೆ ತೆಗೆದುಕೊಳ್ಳಬೇಕಾಗಿಯೂ, ಅದು ಆಗದಿದ್ದರೆ ತಾವೇ ಖುದ್ದಾಗಿ ಬಂದು, ಬಿಸಿನೀರಿನ ಚೊಂಬು ಹಿಡಿದು, ಬಾಣಂತಿಯ ಸೇವೆಗೆ ಪಾಳಿಯ ಪ್ರಕಾರ ನಿಲ್ಲಬೇಕಾಗಿಯೂ ಕೋರುತ್ತೇನೆ. ಬರುವಾಗ ಕೈ ಬೆಚ್ಚಗೆ ಮಾಡಿಕೊಂಡು ಬರಬೇಕು, ಅವ್ವ ಬೈಯುತ್ತಾಳೆ.

ಭಾನುವಾರ ಏರ್‌ಪೋರ್ಟಿಗೆ ಎಷ್ಟು ಹೊತ್ತಿಗೆ ಹೊರಡೋಣವೆಂದು ನಿನ್ನೆ ಮೆಲ್ಲಗೆ ಕೇಳಿದೆ. ‘ಬಾಣ್ತಿನ ಬುಟ್ಟು ಯಾರಾರ ಓಯ್ತಾರೇನ್ಲಾ? ಚಿಗುರ್ಲಿ, ಆಮ್ಯಾಕೆ ನೋಡಾನ’ ಎಂದು ಅವ್ವ ಸೂಟ್‌ಕೇಸಿನ ಹಗ್ಗ ಬಿಚ್ಚಿ, ಅದರಲ್ಲೇ ಮರದ ಸೀರೆಯನ್ನು ಇನ್ನೊಂದು ಸುತ್ತು ಬಿಗಿದಳು. ನಾನು ಒಳಗೆ ಬಂದು ಟಿಕೆಟ್ ರದ್ದು ಮಾಡಿದೆ. ತಮ್ಮ ಮೇಲಿನ ನನ್ನ ದೂರು ಇದರಿಂದ ಎಳ್ಳಷ್ಟೂ ಕಡಿಮೆಯಾಗಿಲ್ಲವೆಂದು ದಯವಿಟ್ಟು ತಿಳಿಯತಕ್ಕದ್ದು.

ಬೋಳು ಮರದ ಪಕ್ಕದಲ್ಲಿ ನಿಂತು ಬರೆದ,
ತಮ್ಮ ವಿಶ್ವಾಸಿ,
ಶಿವರಾಮು

ತಾಜಾಕಲಂ: ಈ ಪತ್ರದ ಒಂದು ಪ್ರತಿಯನ್ನು ಸೂರ್ಯನಾರಾಯಣರಿಗೂ ಕಳಿಸುತ್ತಿದ್ದೇನೆ. ನಮ್ಮ ಹಿತ್ತಲಿನ ಕಡೆ ಅವರು ಅವಸರ ಮಾಡಿ ಬಿಸಿಲು ಚೆಲ್ಲುವ ಅಗತ್ಯವಿಲ್ಲ. ಇಂದು ಬೆಳಿಗ್ಗೆ ಕಾಂಡದ ಬುಡದಲ್ಲಿ ಹಸಿರು ಚುಕ್ಕೆಯಂಥದ್ದೇನೋ ಕಂಡಂತಾಯಿತು, ಅವ್ವ ನೋಡುವ ಮೊದಲೇ ಅದರ ಮೇಲೆ ಒಂದಿಷ್ಟು ಹತ್ತಿ ಇಟ್ಟಿದ್ದೇನೆ.