ಒಂದು ಪದ, ಒಂದೇ ಅರ್ಥ

ಬಹಳ ಹಿಂದೆ, ನೀವು ಈ ಪತ್ರಿಕೆಗೆ ಚಂದಾದಾರರಾಗುವುದಕ್ಕೂ ಮೊದಲು, ಒಂದು ರಾಜ್ಯವಿತ್ತು. ಅದರ ಅಧಿಪತಿ ಶ್ರೀಮನ್ಮಹಾರಾಜ ಪ್ರಚಂಡಸೇನರು ವರ್ಧಂತಿಯ ಫೋಟೋಗೆ ಕುಳಿತಿದ್ದರು. ಫೋಟೋಗ್ರಾಫರ್ ತಿಪ್ಪೇಶನಿಗೆ ಅವಸರ. ಶುಕ್ರವಾರ ಮಗಳ ಮದುವೆ, ಇನ್ನೂ ಬಾಳೆಎಲೆಗೆ ಹೇಳಿರಲಿಲ್ಲ.

"ಪ್ರಭುಗಳು ಗದ್ದ ಒಂಚೂರು ಎತ್ತಿದ್ರೆ ಸೆರೆಹಿಡಿದುಬಿಡ್ತೀನಿ" ಎಂದ.

ಸೇನಾಪತಿ ಕತ್ತಿ ಹಿರಿದ. ಮಹಾರಾಜರನ್ನು ಸೆರೆಹಿಡಿಯುವ ಸಂಚು, ಅದೂ ಲೈವ್ ಪ್ರಸಾರದಲ್ಲಿ. ಸಂಜೆಯೊಳಗೆ ತಿಪ್ಪೇಶ ಸೆರೆಮನೆಯಲ್ಲಿದ್ದ.

ಮರುದಿನ ಅವನ ಹೆಂಡತಿ ಗೌರಕ್ಕ ಆಸ್ಥಾನಕ್ಕೆ ಬಂದಳು. "ಅದು ಫೋಟೋದೋರ ಮಾತು ಸ್ವಾಮಿ. ಸೂರ್ಯನ್ನೂ ಸೆರೆಹಿಡೀತಾರೆ, ಕಾಗೇನೂ ಸೆರೆಹಿಡೀತಾರೆ. ಮನೇಲಿ ಒಂದು ಸೊಳ್ಳೆ ಹಿಡಿಯೋಕೆ ಬರಲ್ಲ."

ಮಹಾರಾಜರಿಗೆ ಕಳವಳವಾಯಿತು. "ಒಂದು ಪದಕ್ಕೆ ಇಷ್ಟೊಂದು ಅರ್ಥಗಳನ್ನು ಮಂಜೂರು ಮಾಡಿದವರು ಯಾರು?"

ಅಬಕಾರಿ ಮಂತ್ರಿ ಬಸವಂತರಾಯ ಎದ್ದು ನಿಂತ. "ನಮ್ಮ ಕಡೆ ಸೆರೆ ಅಂದ್ರ ಕುಡಿಯೂ ಮಾಲು, ಪ್ರಭು. ಅದರಿಂದ ತೆರಿಗಿ ಬರತೈತಿ. ಜೈಲಿನ ಸೆರೆಯಿಂದ ಏನ್ ಬರತೈತ್ರಿ? ಬರೇ ಊಟದ ಖರ್ಚು."

ಆಸ್ಥಾನ ಚಪ್ಪಾಳೆ ತಟ್ಟಿತು. ಫರ್ಮಾನು ಹೊರಟಿತು: ಇನ್ನು ಮುಂದೆ ಸೆರೆ ಎಂದರೆ ಮದ್ಯ ಮಾತ್ರ. ಅಂದೇ ರಾಜ್ಯದಲ್ಲಿ ಸೆರೆಯಾಳು ಎಂಬವನೇ ಇಲ್ಲವಾದ. ಸೆರೆಮನೆಗಳು ಅಬಕಾರಿ ಇಲಾಖೆಯ ಮಳಿಗೆಗಳಾದವು, ಒಳಗಿದ್ದವರು ಗ್ರಾಹಕರಾದರು.

ತಿಪ್ಪೇಶ ಹಿಗ್ಗಿ, ಅಂಗಿ ಕೊಡವಿಕೊಂಡು ಬಾಗಿಲಿಗೆ ಬಂದ. "ಹಾಗಾದ್ರೆ ನನ್ನ ಬಿಡಿ."

"ನಿನ್ನ ಹಿಡಿದಿರೋರು ಯಾರಪ್ಪ, ಬಿಡೋಕೆ?" ಎಂದ ಕಾವಲುಗಾರ.

"ಮತ್ತೆ ಈ ಬೀಗ?"

"ಅದು ಮಾಲಿಗೆ. ಕಳವಾಗದಿರಲಿ ಅಂತ."

ಗುರುವಾರ ಮಹಾರಾಜರೇ ಮಳಿಗೆಗೆ ಚಿತ್ತೈಸಿದರು. ಕೊರಳಲ್ಲಿ 'ಬಂಧಮುಕ್ತ ರಾಜ್ಯ' ಪದಕ. ಕೊಟ್ಟವರೂ ಅವರೇ, ಪಡೆದವರೂ ಅವರೇ. ಪದಕದ ಜೊತೆ ಫೋಟೋ ಬೇಕಿತ್ತು. ಸರಳುಗಳ ಸಂದಿಯಿಂದ ಕ್ಯಾಮೆರಾವನ್ನು ಒಳಗೆ ಕೊಟ್ಟರು.

"ನಾಳೆ ಮಗಳ ಮದುವೆ, ಪ್ರಭು" ಎಂದ ತಿಪ್ಪೇಶ.

"ಧಾರಾಳವಾಗಿ ಹೋಗು. ನಮ್ಮ ರಾಜ್ಯದಲ್ಲಿ ಯಾರನ್ನೂ ಕೂಡಿಹಾಕಿಲ್ಲ" ಎಂದು ಮಹಾರಾಜರು ತಾವಾಗಿಯೇ ಗದ್ದ ಎತ್ತಿದರು.

ತಿಪ್ಪೇಶ ಯಾವ ಪದವನ್ನೂ ಬಳಸದೆ ಗುಂಡಿ ಒತ್ತಿದ.

ಚಿತ್ರದಲ್ಲಿ ಸರಳುಗಳು ಮಹಾರಾಜರ ಮುಖದ ಮೇಲೆ ನೆಟ್ಟಗೆ ಮೂಡಿದ್ದವು. ಅದು ಶಿಸ್ತಿನ ಸಂಕೇತವೆಂದು ಆಸ್ಥಾನ ಕೊಂಡಾಡಿತು. ಸಕಲ ಶುಭಕಾರ್ಯಗಳಿಗೂ ಆ ಚಿತ್ರವನ್ನು ಕಡ್ಡಾಯ ಮಾಡಿತು.

ಶುಕ್ರವಾರ ಮಂಟಪದಲ್ಲಿ, ತಂದೆ ನಿಲ್ಲಬೇಕಾದ ಜಾಗದಲ್ಲಿ ಅದನ್ನೇ ನಿಲ್ಲಿಸಿ ಧಾರೆ ಎರೆದರು. ಚೌಕಟ್ಟಿನ ಬೆಲೆ ಮತ್ತು ತಿಪ್ಪೇಶನ ಮಳಿಗೆ ವಾಸದ ಬಾಡಿಗೆ, ಎರಡೂ ಒಂದೇ ಬಿಲ್ಲಿನಲ್ಲಿ ಬಂದವು. ಗೌರಕ್ಕ ಮುಯ್ಯಿ ಹಣದಿಂದ ಕಟ್ಟಿದಳು. ಕೊನೆಯ ಸಾಲಿನಲ್ಲಿ ಸೆರೆ ತೆರಿಗೆಯೂ ಇತ್ತು.