ಮಾಳಿಗಿ ಮ್ಯಾಲಿನ ಟಕ್ ಟಕ್

ಸ್ವಲ್ಪ ಹತ್ತರ ಬರ್ರಿ, ಜೋರಾಗಿ ಹೇಳೋ ಮಾತಲ್ಲ ಇದು. ನಿಮ್ಮ ಹೊಟ್ಟ್ಯಾಗೇ ಇರಲಿ. ಬಾಯಿ ತಡೀಲಿಲ್ಲಂದ್ರ ಕಾಯಿಪಲ್ಯ ಮಾರಾವ ಹೇಳಿದ ಅನ್ರಿ, ನನ್ನ ಹೆಸರು ತರಬ್ಯಾಡ್ರಿ. ಮರಾಠಿ ಮಂದಿ ನಡುವಿನ ಈ ಧನಕವಡಿಯ ನಮ್ಮ ಗಲ್ಲಿಯೊಳಗ ಇಂಥವು ಆಗ್ತಾನ ಇರ್ತಾವ. ನಾನು ಕಿಡಕಿ ಮುಚ್ಚಿಕೊಂಡು ಕೂತರೂ ಕಿವಿಗೆ ಬಂದು ಬೀಳ್ತಾವ.

೧. ದೀಪ ಹಚ್ಚೋ ಹೊತ್ತು

ಎದುರಮನಿಯಾಕಿ ಗಂಡ ಸತ್ತಾಕಿ. ಕೆಳಗಿನ ಖೋಲಿ, ಮ್ಯಾಲಿನ ಖೋಲಿ, ಇವುಗಳ ಬಾಡಿಗೀ ಮ್ಯಾಲೆ ಆಕಿಯ ಒಲಿ ಉರೀಬೇಕು. ಖಾಲಿ ಬಿದ್ದರ ಮನಿಗೆ ಬೀಗ ಹಾಕಿ ನಾದಿನಿ ಮನ್ಯಾಗ ಪಾತ್ರಿ ತಿಕ್ಕೋದೇ ಗತಿ. ಕೆಳಗ ನಮ್ಮ ಯಾದಗಿರಿ ಕಡಿಯ, ಮನಿ ಕಟ್ಟೋ ಗೌಂಡಿ ಸಂಸಾರ. ಮ್ಯಾಲೆ ಕಾಲೇಜಿನ ಮೂರು ಹುಡುಗ್ಯಾರು. ಹಿಂದಿನ ಮಂದಿ ಕಲ್ಲಿನ್ಯಾಗ ಹೆಂಗ ಬದುಕಿದ್ರು ಅನ್ನೋದನ್ನ ಓದ್ತಾರಂತ.

ಅಮಾಸಿ ಸಂಜಿ ಹುಡುಗ್ಯಾರು ಹೊರಗ ಹೋದದ್ದು ಕಣ್ಣಾರೆ ನೋಡಿದ್ದೆ. ಮ್ಯಾಲೆ ದೀಪ ಇಲ್ಲ. ಆದ್ರ ಟಕ್... ಟಕ್... ಕಲ್ಲಿಗೆ ಕಲ್ಲು ಬಡದಂಗ. ನಿಲ್ತದ, ಯಾರೋ ಉಸಿರು ಹಿಡಿದು ಕೇಳಿದಂಗ ಸುಮ್ಮನಾಗ್ತದ, ಮತ್ತ ಟಕ್. ಗೌಂಡಿ ಹೆಂಡ್ತಿ ಒಬ್ಬಾಕಿಗೇ ಹೇಳಿದೆ, ಯಾರಿಗೂ ಹೇಳಬ್ಯಾಡ ಅಂತ ಆಣಿ ಮಾಡಿಸಿ. ಆಕಿ ಪಾಪ ಯಾರಿಗೂ ಹೇಳಲಿಲ್ಲ. ಮರುದಿನ ಗಂಟು ಕಟ್ಟಿ, ಖೋಲಿ ಖಾಲಿ ಮಾಡಿ, ಗಂಡನ್ನ ಎಳಕೊಂಡು ಕಾತ್ರಜ ಕಡಿ ಹೋಗೇಬಿಟ್ಟಳು.

ಆಮ್ಯಾಲೆ ಮತ್ತ ಟಕ್ ಅಂದಾಗ ನಾನೇ ಮೆಟ್ಟಲ ಹತ್ತಿ ನೋಡಿದೆ. ಆ ಮೂವರಾಗಿನ ಮೈಸೂರು ಕಡಿಯ ಹುಡುಗಿ ತೊಡಿ ಮ್ಯಾಲೆ ಗೋಣಿಚೀಲ ಹಾಸಿಕೊಂಡು ಕಲ್ಲು ಕೆತ್ತಾಕತ್ತಿದ್ದಳು, ಬೆರಳಿನಿಂದ ರಕ್ತ. ಹಿಂದಿನವರು ಕಲ್ಲಿನ ಚಾಕು ಹೆಂಗ ಮಾಡ್ತಿದ್ದರು ಅಂತ ಕಲೀತಿದ್ದಳಂತ. ಅಮಾಸಿ ದಿನ ಹೊರಗ ಹೋದವರು ಇಬ್ಬರೇ. ಈಕಿ ಬಲ್ಬ್ ಸುಟ್ಟ ಕತ್ತಲಾಗ ಕೂತಿದ್ದಳು.

ಭೂತ ಇಲ್ಲ ಅಂತ ಗೌಂಡಿ ಹೆಂಡ್ತಿಗೆ ಹೇಳಿ ಕಳಿಸಬಹುದಿತ್ತು. ಆದ್ರ ಭೂತ ಇಲ್ಲ ಅನ್ನೋ ಸುದ್ದೀನ ಯಾರು ಕೇಳ್ತಾರ್ರಿ?

೨. ವಯಸ್ಸು ಕೇಳೋ ಪದ್ಧತಿ

ಹುಡುಗ್ಯಾರು ಗುಡ್ಡದ ಕಡಿ ಹೋಗಿ ಚೀಲ ತುಂಬ ಕಲ್ಲು ಹೊತ್ತು ತಂದ್ರು. ಅವನ್ನ ಪರೀಕ್ಷಾ ಮಾಡಾಕ ಗಡ್ಡದ ಸರ್ ಒಬ್ಬರು ಬಂದ್ರು. ಮೂರು ಹುಡುಗ್ಯಾರ ಖೋಲಿ, ಒಬ್ಬ ಗಡ್ಡದ ಗಂಡಸು. ನಾನು ಅವಲಕ್ಕಿ ಚೂಡಾದ ಡಬ್ಬಿ ಹಿಡಕೊಂಡು ಹೋಗಿ ನಡುವ ಕೂಡಲೇಬೇಕಾತು.

ಈ ಕಲ್ಲಿಗೆ ವಯಸ್ಸೆಷ್ಟು ಅಂತ ಮರಾಠಿಯೊಳಗ ಕೇಳಿದೆ. ಕಲ್ಲು ತಾನಾಗಿ ಹೇಳಂಗಿಲ್ಲ, ಯಾವ ಮಣ್ಣಿನ ಪದರಿನ್ಯಾಗ ಇತ್ತು, ಅದರ ಮಗ್ಗಲಿಗೆ ಏನಿತ್ತು, ಅವನ್ನ ಕೇಳಬೇಕು ಅಂದ್ರು ಸರ್. ಇವು ಗುಡ್ಡದ ಹಳ್ಳದಾಗ ಬಿಡಿಯಾಗಿ ಸಿಕ್ಕಾವು. ಕೆತ್ತಿದ ರೀತಿ ನೋಡಿ ಲಕ್ಷಗಟ್ಟಲೆ ವರ್ಷ ಅಂತ ಅಂದಾಜು ಮಾಡಬಹುದಂತ, ಅಷ್ಟೇ.

ನಮ್ಮ ಗಲ್ಲಿ ಪದ್ಧತೀನೂ ಇದೇ ಅಂದೆ. ಹೆಣ್ಣಿನ ವಯಸ್ಸು ಆಕೀನ್ನ ಕೇಳಿದ್ರ ಸಿಗಂಗಿಲ್ಲ, ಮಗ್ಗಲಮನ್ಯಾಗ ಕೇಳಬೇಕು. ಹಂಗಾದ್ರ ನಿಮ್ಮದನ್ನ ಯಾರಿಗೆ ಕೇಳೋಣ ಅಂತ ಸರ್ ನಕ್ಕರು.

"ನನ್ನ ವಯಸ್ಸು ಬಲ್ಲವರೆಲ್ಲಾ ಮಣ್ಣಿನ್ಯಾಗ ಹೋಗ್ಯಾರ ಸರ್. ಅಗದು ಕೇಳ್ರಿ."

೩. ಹಿಡಿ

ಸರ್ ನಗೋದು ನಿಲ್ಲಿಸಿ ಕೊನೀ ಕಲ್ಲು ತಗೊಂಡ್ರು. ಮೈಸೂರು ಹುಡುಗಿಗೆ ಸಿಕ್ಕದ್ದು, ಅಂಗೈ ತುಂಬೋ ಕರಿಕಲ್ಲು, ಬಾದಾಮಿ ಬೀಜದ ಆಕಾರ. ಎರಡೂ ಕಡಿ ಬಡದು ಚಕ್ಕೆ ಎಬ್ಬಿಸ್ಯಾರ, ಮನಷ್ಯಾರ ಕೆಲಸಾನ ಖರೆ ಅಂದ್ರು. ಆದ್ರ ಹಿಡಿಯಾಕ ಬರವಲ್ತು. ಸರ್ ಹಿಡಿದ್ರು, ಹುಡುಗ್ಯಾರು ಹಿಡಿದ್ರು, ಎಲ್ಲಾರಿಗೂ ಮೂಲಿ ಚುಚ್ಚತಿತ್ತು.

ನಾನು ಎಡಚಿ. ಅತ್ತಿ ಎಷ್ಟು ಬಡದರೂ ಆ ಕೈ ಬಿಡಲಿಲ್ಲ. ಎಡಗೈಯಾಗ ತಗೊಂಡೆ. ಹೆಬ್ಬೆರಳು ತಾನಾಗೇ ಒಂದು ತಗ್ಗಿಗೆ ಹೋಗಿ ಕೂತಿತು, ಉಳಿದ ಬೆರಳು ಒಂದೊಂದಾಗಿ ತಮ್ಮ ಜಾಗಾ ಹುಡುಕಿಕೊಂಡವು. ತಣ್ಣನ ಕಲ್ಲು ಬೆಚ್ಚಗಾತು. ನಾನು ಕಲ್ಲು ಹಿಡಿದಂಗ ಇರಲಿಲ್ಲ ಅದು. ಕಲ್ಲಿನ ಆ ಕಡಿಯಿಂದ ಯಾರೋ ನನ್ನ ಕೈ ಹಿಡಿದಂಗಿತ್ತು.

ಖಾತ್ರಿ ಹೇಳಾಕ ಬರಂಗಿಲ್ಲ, ಆದ್ರ ಮಾಡಿದಾಕಿನೂ ಎಡಚಿ ಇರಬಹುದು ಅಂದ್ರು ಸರ್, ದನಿ ಸಣ್ಣ ಮಾಡಿ. ನಾನು ಇದ್ದದ್ದನ್ನ ಇದ್ದಂಗ ಹೇಳಿದೆ: "ಕೈ ಬಿಡವಲ್ಲಳು ನೋಡ್ರಿ."

ಅಷ್ಟಕ್ಕೇ ಇಬ್ಬರು ಹುಡುಗ್ಯಾರು ಒಬ್ಬರ ಮುಖ ಒಬ್ಬರು ನೋಡಿ, ಈ ಖೋಲಿ ಬ್ಯಾಡ, ಬ್ಯಾರೆ ನೋಡೋಣು ಅಂತ ಬ್ಯಾಗಿಗೆ ಕೈ ಹಾಕಿದ್ರು. ಮೈಸೂರಾಕಿ ಮಾತ್ರ ಕಣ್ಣು ಅರಳಿಸಿ, ಅಜ್ಜಿ, ಆಗಲೂ ನಿಮ್ಮ ಥರಾನೇ ಒಬ್ಬರು ಇದ್ದರು ಅನ್ಸತ್ತೆ ಅಂದಳು.

ಎದುರಮನಿಯಾಕಿ ಚಹಾದ ತಾಟು ಹಿಡಕೊಂಡು ಬಾಗಿಲಾಗ ನಿಂತಿದ್ದಳು. ಬ್ಯಾಗು ನೋಡಿದಳು. ಆಮ್ಯಾಲೆ ನನ್ನ ಮುಖಾನ ನೋಡಿ ಅಂದಳು:

"ಇದ್ದಿರಬೇಕು ಬಿಡವ್ವಾ. ಅದಕ್ಕೇ ಆ ಗುಡ್ಡ ಪೂರಾ ಖಾಲಿ ಅದ."